ಗೆಜ್ಜೆ ಕಟ್ಟುವುದು ಕಾಲಿಗೆ

ಅಪ್ಪನಿಗೆ ಸ್ಟೆಂಟ್ ಹಾಕಿದ ಮೇಲೆ ಡಾಕ್ಟರು ಹೇಳಿದ್ದು ಒಂದೇ ಮಾತು: ದಿನಾ ಅರ್ಧ ತಾಸು ನಡೀರಿ, ನಿಧಾನಕ್ಕೆ. ನಮ್ಮ ಮನೆ ಇರುವುದು ಹೊನ್ನಾವರದಿಂದ ಭಟ್ಕಳದ ಕಡೆ ಹೋಗುವ ಹೆದ್ದಾರಿಯ ಪಕ್ಕ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಡದೆ ಹೊಯ್ಯುವ ಮಳೆ. ಮಳೆ ಹೊಳವಾದರೆ ಕುಮಟಾ ಕಡೆಯಿಂದ ಭಟ್ಕಳದ ಕಡೆಗೆ ಸೊಂಯ್ ಅಂತ ಹೋಗುವ ಲಾರಿಗಳು. ಅಂಥ ರಸ್ತೆಯ ಅಂಚಿನಲ್ಲಿ ಅಪ್ಪನನ್ನು ವಾಕಿಂಗ್ ಕಳಿಸುವುದು ಹೇಗೆ? ಬೆಂಗಳೂರಿನಲ್ಲಿ ಕೂತ ನಾನು ಒಂದು ಟ್ರೆಡ್‌ಮಿಲ್ ಕಳಿಸಿದೆ. ಜೊತೆಗೆ ಕೈಗೆ ಕಟ್ಟುವ ಒಂದು ಫಿಟ್‌ನೆಸ್ ಬ್ಯಾಂಡು. ಈ ಬರಹ ಆ ಬ್ಯಾಂಡಿನ ವಿಮರ್ಶೆ.

ಮೊದಲ ದಿನ ಅಪ್ಪ ತಾಸಿಗೆ 3 ಕಿಲೋಮೀಟರ್ ವೇಗದಲ್ಲಿ ಅರ್ಧ ತಾಸು ನಡೆದ. ಟ್ರೆಡ್‌ಮಿಲ್ 1.5 ಕಿಲೋಮೀಟರ್ ತೋರಿಸಿತು. ಬ್ಯಾಂಡು ತೋರಿಸಿದ್ದು 612 ಹೆಜ್ಜೆ, 0.39 ಕಿಲೋಮೀಟರ್.

"ತಮಾ, ಬೆವರು ಬಂದದ್ದು ಖರೆ. ಹಾಂಗಾರೆ ನಾ ನಡದ್ದು ಎಲ್ಲಿ ಹೋಯ್ತು?" ಅಂತ ಫೋನಿನಲ್ಲಿ ಕೇಳಿದ. ಮೀಟಿಂಗಿನ ಗಡಿಬಿಡಿಯಲ್ಲಿದ್ದ ನಾನು "ನಾಲ್ಕು ದಿನ ಹೋಗ್ಲಿ ಅಪ್ಪಾ, ಸರಿಯಾಗ್ತದೆ" ಅಂದು ಇಟ್ಟೆ.

ನಾಲ್ಕು ದಿನ ಬಿಟ್ಟು ಆಯಿಯ ಫೋನು ಬಂತು. ಬ್ಯಾಂಡಿನ ಲೆಕ್ಕ ಭರ್ತಿಯಾಗಲಿಲ್ಲ ಅಂತ ಅಪ್ಪ ರಾತ್ರಿ ಊಟಕ್ಕೆ ಮೊದಲು ಮತ್ತೊಮ್ಮೆ ಟ್ರೆಡ್‌ಮಿಲ್ ಹತ್ತುತ್ತಿದ್ದನಂತೆ. ಹಿಂದಿನ ದಿನ ಕಂಬಿ ಬಿಟ್ಟು ಕೈ ಬೀಸಿದರೆ ನಂಬರು ಏರುತ್ತದೆಂದು ಅವನೇ ಕಂಡುಕೊಂಡು, ಹಾಗೆ ನಡೆಯಲು ಹೋಗಿ ಮುಗ್ಗರಿಸಿದ್ದ. ಬೀಳಲಿಲ್ಲ, ಅಷ್ಟೇ. ಅವತ್ತೇ ರಾತ್ರಿ ಬಸ್ಸು ಹತ್ತಿದೆ.

ಮಾರನೇ ದಿನ ಪಕ್ಕದಲ್ಲಿ ನಿಂತು ನೋಡಿದೆ. ಅಪ್ಪ ಎರಡೂ ಕೈಯಲ್ಲಿ ಕಂಬಿ ಹಿಡಿದೇ ನಡೆಯುತ್ತಿದ್ದ. ಒಂದು ನಿಮಿಷ ಬಾಯಲ್ಲೇ ಎಣಿಸಿದೆ, 98 ಹೆಜ್ಜೆ. ಬ್ಯಾಂಡಿಗೆ ಸಿಕ್ಕಿದ್ದು ಇಪ್ಪತ್ತು ಚಿಲ್ಲರೆ. ಕಾರಣ ಕಷ್ಟದ್ದೇನಲ್ಲ. ಬ್ಯಾಂಡಿನೊಳಗಿನ ಆಕ್ಸೆಲೆರೋಮೀಟರ್ ಗಮನಿಸುವುದು ಮಣಿಕಟ್ಟಿನ ಅಲುಗಾಟವನ್ನು. ಆ ಅಲುಗಾಟದ ಲಯದಿಂದ ಹೆಜ್ಜೆಯನ್ನು ಊಹಿಸುತ್ತದೆ. ಕೈ ಕಂಬಿಯ ಮೇಲಿದ್ದರೆ ಅದರ ಪಾಲಿಗೆ ಮನುಷ್ಯ ಕೂತಿದ್ದಾನೆ.

ದೂರದ್ದು ಊಹೆಯ ಮೇಲೆ ಇನ್ನೊಂದು ಊಹೆ. ರಸ್ತೆಯಲ್ಲಾದರೆ ಜಿಪಿಎಸ್ ನೆರವಿಗೆ ಬರುತ್ತದೆ. ಟ್ರೆಡ್‌ಮಿಲ್ ಮೇಲೆ ಎಷ್ಟು ನಡೆದರೂ ನಾವು ಇದ್ದಲ್ಲೇ. ಆಗ ಹೆಜ್ಜೆಯ ಸಂಖ್ಯೆಯನ್ನು ಒಂದು ಅಂದಾಜು ಉದ್ದದಿಂದ ಗುಣಿಸಿಬಿಡುತ್ತದೆ. ಆ ಉದ್ದ ಬಂದದ್ದು ನಾನು ಆ್ಯಪಿನಲ್ಲಿ ತುಂಬಿದ ಅಪ್ಪನ ಎತ್ತರದಿಂದ. ಆಸ್ಪತ್ರೆಯಿಂದ ಬಂದ ಮೇಲೆ ಅವನ ಹೆಜ್ಜೆ ಗಿಡ್ಡವಾದದ್ದು ಅದಕ್ಕೆ ಗೊತ್ತಿಲ್ಲ.

ಟ್ರೆಡ್‌ಮಿಲ್ ಆದರೂ ಸರಿಯಿದೆಯೇ? ಬೆಲ್ಟಿನ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆದು, ಟೇಪು ಹಿಡಿದು ಸುತ್ತಳತೆ ನೋಡಿದೆ: 2.8 ಮೀಟರ್. ಅಪ್ಪ ನಡೆಯುವಾಗ ನಿಮಿಷಕ್ಕೆ ಹೆಚ್ಚುಕಡಿಮೆ 18 ಸುತ್ತು. ಅಂದರೆ 50 ಮೀಟರ್, ತಾಸಿಗೆ 3 ಕಿಲೋಮೀಟರ್. ಟ್ರೆಡ್‌ಮಿಲ್ ಸುಳ್ಳು ಹೇಳುತ್ತಿರಲಿಲ್ಲ. ನೀವೂ ಒಮ್ಮೆ ಹೀಗೆ ನೋಡಿಕೊಳ್ಳಿ, ಹತ್ತು ನಿಮಿಷದ ಕೆಲಸ.

ಬ್ಯಾಂಡನ್ನು ಕಿಸೆಗೆ ಹಾಕೋಣವೆಂದರೆ ಅಪ್ಪ ಉಡುವುದು ಲುಂಗಿ. ಕೊನೆಗೆ ಪಟ್ಟಿ ಸಡಿಲಿಸಿ ಪಾದದ ಗಂಟಿನ ಮೇಲೆ ಕಟ್ಟಿದೆ. "ಇದೆಂತದಾ, ಗೆಜ್ಜೆ ಕಟ್ದಾಂಗೆ!" ಅಂತ ಆಯಿ ನಕ್ಕಳು. ಆಟ ನೋಡಿ ಬೆಳೆದ ಊರಿನವರು ನಾವು. ಕುಣಿತದ ಲೆಕ್ಕ ಕೇಳಬೇಕೆಂದರೆ ಗೆಜ್ಜೆಯನ್ನು ಕಾಲಿಗೇ ಕಟ್ಟಬೇಕು ಅಂತ ವೇಷಧಾರಿಗಳಿಗೆ ಗೊತ್ತು. ಅರ್ಧ ತಾಸಿಗೆ ಹೆಜ್ಜೆ 2,900 ದಾಟಿತು. 1,500 ಮೀಟರನ್ನು ಅದರಿಂದ ಭಾಗಿಸಿ, ಹೆಜ್ಜೆಯ ಉದ್ದ 51 ಸೆಂಟಿಮೀಟರ್ ಅಂತ ಆ್ಯಪಿನಲ್ಲಿ ತಿದ್ದಿದೆ. ಅಲ್ಲಿ ಎದೆಬಡಿತದ ಅಳತೆಯನ್ನು ನಂಬುವಂತಿಲ್ಲ, ಅದು ಬೇರೆ ಮಾತು. ಗಾರ್ಮಿನ್‌ನಂಥ ವಾಚುಗಳಲ್ಲಿ ನಡಿಗೆ ಮುಗಿದ ಮೇಲೆ ಟ್ರೆಡ್‌ಮಿಲ್ ತೋರಿಸಿದ ದೂರವನ್ನೇ ಕೊಟ್ಟು ಲೆಕ್ಕ ಸರಿಪಡಿಸುವ ಅವಕಾಶವಿದೆ. ಹೆಚ್ಚಿನವರು ಆ ಮೆನುವಿನವರೆಗೆ ಹೋಗುವುದೇ ಇಲ್ಲ.

ಬ್ಯಾಂಡು ಊಹೆ ಮಾಡುತ್ತದೆ ಅನ್ನುವುದು ನನ್ನ ತಕರಾರಲ್ಲ. ನಮ್ಮ ಹಿರಿಯರೂ ಊಹೆಯಲ್ಲೇ ದೂರ ಹೇಳುತ್ತಿದ್ದರು. "ಒಂದು ಕವಳ ಹಾಕಿ ಮುಗಿಯೋವಷ್ಟು ದಾರಿ" ಅಂದರೆ ಅದು ಅಂದಾಜು ಅಂತ ಹೇಳಿದವನಿಗೂ ಗೊತ್ತು, ಕೇಳಿದವನಿಗೂ ಗೊತ್ತು. ಬ್ಯಾಂಡು ತನ್ನ ಊಹೆಯನ್ನು 0.39 ಅಂತ ದಶಾಂಶ ಹಾಕಿ ಬರೆಯುತ್ತದೆ. ದಶಾಂಶ ಕಂಡರೆ ಅಳೆದೇ ಹೇಳಿದ್ದಾರೆ ಅಂತ ನಂಬುವ ಕಾಲದವನು ಅಪ್ಪ. ಹಾಗಾಗಿ ತನ್ನ ಕಾಲಿಗಿಂತ ಅದನ್ನೇ ನಂಬಿದ. ಇಂಥ ಸ್ಕ್ರೀನುಗಳನ್ನು ಮಾಡುವ ಕೆಲಸವೇ ನನ್ನದು. "ಸುಮಾರು" ಅನ್ನುವ ಪದ ಇದ್ದರೆ ಬಳಸುವವರಿಗೆ ಗೊಂದಲ ಅಂತ ಅದನ್ನು ತೆಗೆದುಹಾಕಿದ ಮೀಟಿಂಗುಗಳಲ್ಲಿ ನಾನೂ ತಲೆ ಅಲ್ಲಾಡಿಸಿದ್ದೇನೆ. ಆ ಪದ ತೆಗೆದರೆ ಗೊಂದಲ ಯಾರ ಮನೆಗೆ ಹೋಗುತ್ತದೆ ಅಂತ ಆಗ ಯೋಚಿಸಿರಲಿಲ್ಲ.

ಅಪ್ಪ ಭರ್ತಿ ಮಾಡಲು ಹೊರಟಿದ್ದ ಆ 10,000 ಹೆಜ್ಜೆಯ ಗುರಿಯಾದರೂ ಡಾಕ್ಟರು ಕೊಟ್ಟದ್ದಲ್ಲ. 1965ರಲ್ಲಿ ಜಪಾನಿನ ಯಮಾಸಾ ಕಂಪನಿ ಮಾರಾಟಕ್ಕೆ ಬಿಟ್ಟ ಹೆಜ್ಜೆಮಾಪಕದ ಹೆಸರು 'ಮಾನ್ಪೋ-ಕೇ', ಅಂದರೆ ಹತ್ತು ಸಾವಿರ ಹೆಜ್ಜೆಯ ಮಾಪಕ. ವ್ಯಾಪಾರಕ್ಕೆ ಇಟ್ಟ ಹೆಸರು ಜಗತ್ತಿಗೆಲ್ಲ ನಿಯಮವಾಯಿತು. ಆ ಹಳೆಯ ಮಾಪಕವನ್ನು ಕಟ್ಟುತ್ತಿದ್ದದ್ದಾದರೂ ಸೊಂಟಕ್ಕೆ, ಕೈಗಲ್ಲ.

ಊರಿಂದ ಹೊರಡುವ ಮುಂಚೆ ಆ ಗುರಿಯನ್ನು 3,000ಕ್ಕೆ ಇಳಿಸಿ ಬಂದೆ. ಟ್ರೆಡ್‌ಮಿಲ್ಲಿನ ಸುರಕ್ಷತಾ ದಾರವನ್ನು ಅಂಗಿಗೆ ಸಿಕ್ಕಿಸಿಕೊಳ್ಳುವುದನ್ನೂ ಕಲಿಸಿದೆ. ಮೊನ್ನೆ ಫೋನ್ ಮಾಡಿ ಎಷ್ಟಾಯ್ತು ಅಂತ ಕೇಳಿದೆ. "ಬ್ಯಾಂಡು ಚಾರ್ಜಿಗೆ ಹಾಕಿಟ್ಟಿದ್ದೆ, ಗೋಡೆ ಗಡಿಯಾರ ನೋಡ್ಕಂಡು ನಡದೆ. ಡಾಕ್ಟರು ಹೇಳಿದ್ದು ಅರ್ಧ ತಾಸಲ್ಲನಾ?" ಅಂದ. ಕಂಬಿ ಹಿಡಿದೇ ನಡೆದೆಯಾ ಅಂತ ಮಾತ್ರ ಕೇಳಿದೆ. ಹೌದಂತೆ.