ಸೊಂಟಕ್ಕೆ ಕರೆಂಟ್ ಸಾಕೆ?

ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆ ಫಿಸಿಯೋಥೆರಪಿ ಎಂದರೆ ಹಲವರಿಗೆ ‘ಕರೆಂಟ್ ಕೊಡಿಸಿಕೊಳ್ಳುವುದು’. ಮಗ್ಗುಲಾಗಿ ಮಲಗಿ, ಪ್ಯಾಡ್ ಅಂಟಿಸಿಕೊಂಡು, ಜುಮ್ಮೆನಿಸಿಕೊಂಡು, ಸೊಂಟಕ್ಕೆ ಬೆಲ್ಟ್ ಬಿಗಿದು ಮನೆಗೆ ಬರುವುದು. ಡಿಸ್ಕ್ ಜಾರಿದವರಿಗೆ ಫಿಸಿಯೋಥೆರಪಿ ಒಳ್ಳೆಯದೇ. ಅದರಲ್ಲಿ ಯಂತ್ರದ ಪಾಲು ಮಾತ್ರ ಅಷ್ಟಕ್ಕಷ್ಟೆ.

ಬೆನ್ನುಮೂಳೆಗಳ ನಡುವಿನ ಡಿಸ್ಕಿಗೆ ಹೊರಗೆ ಗಟ್ಟಿ ಉಂಗುರ, ಒಳಗೆ ಮೆತ್ತನೆಯ ತಿರುಳು. ಉಂಗುರ ಸೀಳಿ ತಿರುಳು ಹೊರಬಂದು ನರವನ್ನು ಒತ್ತಿದರೆ ಪೃಷ್ಠದಿಂದ ಪಾದದವರೆಗೆ ನೋವು ಇಳಿಯುತ್ತದೆ; ಇದೇ ಸಯಾಟಿಕಾ. ಆ ತಿರುಳನ್ನು ದೇಹವೇ ಎಷ್ಟೋ ಸಲ ಕರಗಿಸಿಕೊಳ್ಳುತ್ತದೆ. ಹೆಚ್ಚಿನವರ ನೋವು ಕೆಲವು ವಾರಗಳಲ್ಲಿ ತಗ್ಗುತ್ತದೆ. ಆಗ ಏನು ಮಾಡುತ್ತಿದ್ದರೋ ಅದಕ್ಕೇ ಹೆಸರು: ಕರೆಂಟಿಗೆ, ಎಣ್ಣೆಗೆ, ಹೊತ್ತ ಹರಕೆಗೆ.

2007ರಲ್ಲಿ ಪ್ರಕಟವಾದ ನೆದರ್ಲೆಂಡ್ಸ್‌ನ ಅಧ್ಯಯನವೊಂದು ತೀವ್ರ ಸಯಾಟಿಕಾದ 283 ಜನರನ್ನು ಎರಡು ಗುಂಪು ಮಾಡಿತು. ಬೇಗ ಆಪರೇಷನ್ ಆದವರಿಗೆ ನೋವು ಬೇಗ ಇಳಿಯಿತು. ವರ್ಷ ತುಂಬುವಾಗ ಎರಡೂ ಗುಂಪು ಸರಿಸಮ, ಸುಮಾರು ಶೇ. 95 ಮಂದಿ ಗುಣ. ಆದರೆ ಕಾದು ನೋಡಿದವರಲ್ಲೂ ಶೇ. 39 ಮಂದಿ ಕೊನೆಗೆ ಆಪರೇಷನ್ ಮಾಡಿಸಿಕೊಂಡರು. ‘ಫಿಸಿಯೋ ಮಾಡಿದರೆ ಆಪರೇಷನ್ ಬೇಡವೇ ಬೇಡ’ ಎನ್ನುವವರು ಈ ಅಂಕಿಯನ್ನು ಮರೆಯುತ್ತಾರೆ.

ಸೊಂಟ ಎಳೆಯುವ ಟ್ರಾಕ್ಷನ್‌ನಿಂದ ಹೇಳಿಕೊಳ್ಳುವಂಥ ಲಾಭ ಸಂಶೋಧನೆಗಳಲ್ಲಿ ಕಂಡಿಲ್ಲ. ತಿಂಗಳುಗಟ್ಟಲೆ ಮಲಗಿರಿ ಎಂಬ ಹಳೆಯ ಸಲಹೆಯೂ ಬಿದ್ದುಹೋಗಿದೆ. ಉಳಿದದ್ದು ನಡಿಗೆ, ಆಯಾ ರೋಗಿಗೆ ಹೊಂದುವ ವ್ಯಾಯಾಮ, ಕೆಲಸಕ್ಕೆ ಹಂತಹಂತವಾಗಿ ಮರಳುವುದು. ಇವಕ್ಕೆ ಚಾಪೆ ಸಾಕು. ತೋಟದ ಮನೆಯಿಂದ ರಸ್ತೆಗೆ ಬಂದು, ಬಸ್ಸಿನಲ್ಲಿ ತಿರುವುಗಳ ದಾರಿಯಲ್ಲಿ ಕುಲುಕಿಸಿಕೊಂಡು ದಿನವೂ ಕರೆಂಟಿಗೆ ಹೋಗಿಬರುವ ಪ್ರಯಾಣ ಸೊಂಟಕ್ಕೆ ಯಾವ ಉಪಕಾರ ಮಾಡೀತು?

ನನ್ನ ದೊಡ್ಡ ತಕರಾರು ಬೇರೆ. ಇಲ್ಲಿನ ಸೊಂಟ ಅಡಕೆಯ ಸೊಂಟ. ಅಡಕೆ ಸುಲಿಯುವ ಮೆಟ್ಟುಗತ್ತಿಯ ಮುಂದೆ ಗಂಟೆಗಟ್ಟಲೆ ಬಾಗಿ ಕೂರುವ ಹೆಂಗಸರು, ಸೊಪ್ಪಿನ ಹೊರೆ ಹೊರುವವರು, ಮಳೆಯಲ್ಲಿ ಜಾರುವ ಧರೆಯ ಮೇಲೆ ಬೋರ್ಡೋ ದ್ರಾವಣದ ಡ್ರಮ್ ಎಳೆಯುವವರು. ಚಿಕಿತ್ಸಕರು ಎಂಆರ್‌ಐ ವರದಿ ನೋಡುವ ಮೊದಲು ‘ಏನು ಕೆಲಸ ಮಾಡ್ತೀರಿ, ಹೇಗೆ ಕೂರ್ತೀರಿ?’ ಎಂದು ಕೇಳಬೇಕು. ನೋವಿಲ್ಲದವರ ಎಂಆರ್‌ಐನಲ್ಲೂ ಉಬ್ಬಿದ ಡಿಸ್ಕ್ ಕಾಣುವುದು ಸಾಮಾನ್ಯ. ಹೊರೆಯನ್ನು ಅರ್ಧ ಮಾಡಿ ಎರಡು ಸಲ ತರಲು, ಸುಲಿಯುವಾಗ ನಡುನಡುವೆ ಎದ್ದು ಓಡಾಡಲು ಹೇಳಿಕೊಡದ ಫಿಸಿಯೋಥೆರಪಿ ಅರೆಬರೆ ಫಿಸಿಯೋಥೆರಪಿ.

ಒಂದು ಸ್ಥಿತಿಯಲ್ಲಿ ಮಾತ್ರ ಯಾವ ವ್ಯಾಯಾಮವೂ ಬೇಡ. ಮೂತ್ರ ಕಟ್ಟಿದರೆ, ಮಲಮೂತ್ರದ ಹಿಡಿತ ತಪ್ಪಿದರೆ, ತೊಡೆಸಂದಿ ಮರಗಟ್ಟಿದರೆ, ಪಾದ ಎತ್ತಲಾಗದಿದ್ದರೆ ಬೆಳಗಾಗಲಿ ಎಂದು ಕಾಯಬೇಡಿ. ಅದೇ ಹೊತ್ತಿಗೆ ಮಣಿಪಾಲಕ್ಕೋ ಶಿವಮೊಗ್ಗಕ್ಕೋ ಹೊರಡಿ.