ನಾಯಿಕೆಮ್ಮಿನ ರೋಗಾಣುವೂ ಲಸಿಕೆಯೂ: ಒಂದು ವಾದದ ವಿಮರ್ಶೆ

ಲಸಿಕೆ ಹಾಕಿದುದರಿಂದಲೇ ನಾಯಿಕೆಮ್ಮಿನ ರೋಗಾಣು ರೂಪ ಬದಲಿಸಿತು, ಆದುದರಿಂದ ಲಸಿಕೆ ವ್ಯರ್ಥ ಎಂಬ ವಾದವು ವಿದ್ಯಾವಂತರ ನಡುವೆಯೂ ಕೇಳಿಬರುತ್ತಿದೆ. ಇದರ ಪೂರ್ವಾರ್ಧದಲ್ಲಿ ಸತ್ಯಾಂಶವುಂಟು. ಉತ್ತರಾರ್ಧವು ಅದರಿಂದ ಫಲಿಸುವುದಿಲ್ಲ. ಎರಡನ್ನೂ ಬೇರ್ಪಡಿಸಿ ನೋಡುವುದು ಪ್ರಕೃತ ಲೇಖನದ ಉದ್ದೇಶ. ಇದು ವೈದ್ಯನ ತೀರ್ಪಲ್ಲ. ಸಾಕ್ಷ್ಯವನ್ನು ತೂಗುವುದು ಇತಿಹಾಸದ ಅಧ್ಯಾಪಕನ ಕೆಲಸವಾದುದರಿಂದ ಕೈಗೊಂಡ ಪರಿಶೀಲನೆ.

ಮೈಸೂರು ಸೀಮೆಗೆ ಲಸಿಕೆಯ ಪರಿಚಯ ಎರಡು ಶತಮಾನಗಳಷ್ಟು ಹಳೆಯದು. ಥಾಮಸ್ ಹಿಕಿ 1805ರ ಸುಮಾರಿನಲ್ಲಿ ಬರೆದ ಚಿತ್ರವೊಂದರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿ ದೇವಾಜಮ್ಮಣ್ಣಿಯು ಸಿಡುಬಿನ ದಾಕು ಹಾಕಿಸಿಕೊಂಡ ತೋಳನ್ನು ತೋರಿಸುತ್ತಿದ್ದಾಳೆಂದು ಇತಿಹಾಸಕಾರ ನೈಜೆಲ್ ಚಾನ್ಸಲರ್ ವಾದಿಸಿದ್ದಾರೆ. ಆ ಸಿಡುಬು ನಿರ್ಮೂಲವಾಯಿತೆಂದು 1980ರಲ್ಲಿ ಘೋಷಿತವಾಯಿತು; ಲಸಿಕೆಯಿಂದ ತಪ್ಪಿಸಿಕೊಳ್ಳುವ ರೂಪವನ್ನು ಅದರ ವೈರಾಣು ತಳೆಯಲಿಲ್ಲ. ಎಲ್ಲ ಲಸಿಕೆಗಳೂ ಎಲ್ಲ ರೋಗಾಣುಗಳನ್ನೂ ಒಂದೇ ಬಗೆಯಲ್ಲಿ ಮಾರ್ಪಡಿಸುತ್ತವೆಂಬ ಸಾಮಾನ್ಯೀಕರಣವು ಹೀಗೆ ಮೊದಲ ಹೆಜ್ಜೆಯಲ್ಲಿಯೇ ಎಡವುತ್ತದೆ.

ನಾಯಿಕೆಮ್ಮಿನ ಸಂಗತಿ ಬೇರೆ. ಬೋರ್ಡೆ ಮತ್ತು ಜಾಂಗೂ ಎಂಬ ವಿಜ್ಞಾನಿಗಳು 1906ರಲ್ಲಿ ಬೇರ್ಪಡಿಸಿದ ಈ ಬ್ಯಾಕ್ಟೀರಿಯದ ವಿರುದ್ಧ ಎರಡು ಬಗೆಯ ಲಸಿಕೆಗಳುಂಟು. ಇಡೀ ರೋಗಾಣುವನ್ನು ಕೊಂದು ಮಾಡಿದ ಪೂರ್ಣಕೋಶ ಲಸಿಕೆ ಹಳೆಯದು. 1981ರಲ್ಲಿ ಜಪಾನಿನಲ್ಲಿ ಬಳಕೆಗೆ ಬಂದ ಕೋಶರಹಿತ ಲಸಿಕೆಯಲ್ಲಿ ಶುದ್ಧೀಕರಿಸಿದ ಕೆಲವೇ ಪ್ರೋಟೀನುಗಳಿರುತ್ತವೆ. ಇಂಥ ಅನೇಕ ಲಸಿಕೆಗಳಲ್ಲಿ ಪರ್ಟಾಕ್ಟಿನ್ ಎಂಬುದು ಒಂದು.

ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲ್ 2023ರಲ್ಲಿ ಉದ್ಘಾಟಿತವಾದ ಹೆಲಿಕಾಪ್ಟರ್ ಕಾರ್ಖಾನೆಯಿಂದ ಹೆಸರಾಗಿದೆ. ಆದರೆ ಆ ಹೆಸರಿನ 'ಕಾವಲ್' ಹಳೆಯ ಮೈಸೂರಿನ ಕಾಯ್ದಿಟ್ಟ ಹುಲ್ಲುಗಾವಲನ್ನು ನೆನಪಿಗೆ ತರುತ್ತದೆ. ಹೊರಗಿನ ದನವನ್ನು ಕೊರಳ ಗಂಟೆಯ ಸದ್ದಿನಿಂದಷ್ಟೇ ಗುರುತಿಸುವ ಕಾವಲುಗಾರನಿದ್ದರೆ ಗಂಟೆಯಿಲ್ಲದ ದನ ನುಸುಳುತ್ತದೆ. ಆದರೆ ಗಂಟೆಯನ್ನು ಕಳಚಿದವನು ಅವನಲ್ಲ. ಲಸಿಕೆಯೂ ಹಾಗೆಯೇ: ಮಾರ್ಪಾಟು ಆಕಸ್ಮಿಕವಾಗಿ ಹುಟ್ಟುತ್ತದೆ, ಲಸಿಕೆ ಅದಕ್ಕೆ ಅವಕಾಶ ಕೊಡುತ್ತದೆ.

ಇದಕ್ಕೆ ಸಾಕ್ಷ್ಯ ಬಲವಾಗಿದೆ. ಆಸ್ಟ್ರೇಲಿಯದಲ್ಲಿ ಪರಿಶೀಲಿಸಿದ ಮಾದರಿಗಳಲ್ಲಿ ಪರ್ಟಾಕ್ಟಿನ್ ಇಲ್ಲದವು 2008ರಲ್ಲಿ ಶೇಕಡಾ 5 ಇದ್ದುದು 2012ರ ವೇಳೆಗೆ 78ಕ್ಕೇರಿದವು. ಈ ನಷ್ಟವು ಒಂದೇ ಮೂಲದಿಂದ ಹರಡಿದುದಲ್ಲ. ಬೇರೆ ಬೇರೆ ಮಾರ್ಪಾಟುಗಳಿಂದ ಸ್ವತಂತ್ರವಾಗಿ ಮೂಡಿದುದು. ಪರಸ್ಪರ ಅರಿಯದ ಸಾಕ್ಷಿಗಳು ಒಂದೇ ಮಾತನ್ನಾಡಿದಾಗ ಇತಿಹಾಸಕಾರನು ಅದಕ್ಕೆ ಹೆಚ್ಚಿನ ಬೆಲೆ ಕೊಡುತ್ತಾನೆ. ಜಪಾನಿನಲ್ಲಿ ಪರ್ಟಾಕ್ಟಿನ್ ರಹಿತ ಲಸಿಕೆಗಳ ಬಳಕೆ ಹೆಚ್ಚಿದ ಮೇಲೆ ಇಂಥ ರೋಗಾಣುಗಳ ಪ್ರಮಾಣ ಇಳಿದುದೂ ಗಮನಾರ್ಹ.

ಆದರೆ ದೋಷವನ್ನೆಲ್ಲ ಹೊಸ ಲಸಿಕೆಯ ಮೇಲೆ ಹೊರಿಸುವವರೂ ಅವಸರಪಡುತ್ತಾರೆ. ನೆದರ್ಲೆಂಡ್ಸ್ 2005ರವರೆಗೆ ಶಿಶುಗಳಿಗೆ ಪೂರ್ಣಕೋಶ ಲಸಿಕೆಯನ್ನೇ ಬಳಸುತ್ತಿತ್ತು. ಆದರೂ 1996ರಲ್ಲಿ ಅಲ್ಲಿ ಸಾಂಕ್ರಾಮಿಕ ತಲೆದೋರಿತು, ರೋಗಾಣುಗಳು ಲಸಿಕೆಯ ತಳಿಯಿಂದ ಭಿನ್ನವಾಗಿದ್ದುವು. ಅಮೆರಿಕದಲ್ಲಿ 2012ರಲ್ಲಿ 48,277 ಪ್ರಕರಣಗಳು ವರದಿಯಾದುದಕ್ಕೆ ಕೋಶರಹಿತ ಲಸಿಕೆಯ ರಕ್ಷಣೆ ವರ್ಷಗಳೊಡನೆ ಕುಗ್ಗುವುದೂ ಒಂದು ಕಾರಣ. ಅದು ರೋಗಾಣುವಿನ ವಿಕಾಸಕ್ಕಿಂತ ಬೇರೆಯಾದ ಸಂಗತಿ. ಒಂದರ ಹಿಂದೆ ಒಂದು ನಡೆದ ಮಾತ್ರಕ್ಕೆ ಮೊದಲನೆಯದು ಎರಡನೆಯದಕ್ಕೆ ಕಾರಣವಾಗದು.

ನಿರ್ಣಾಯಕ ಪ್ರಶ್ನೆ, ಮಾರ್ಪಟ್ಟ ರೋಗಾಣುವಿನ ಎದುರು ಲಸಿಕೆ ಸೋತಿತೆ ಎಂಬುದು. ಅಮೆರಿಕದ ವರ್ಮಾಂಟ್ ರಾಜ್ಯದಲ್ಲಿ ಪರೀಕ್ಷಿಸಿದ ಮಾದರಿಗಳಲ್ಲಿ ಶೇಕಡಾ 90ಕ್ಕೂ ಹೆಚ್ಚು ಪರ್ಟಾಕ್ಟಿನ್ ರಹಿತವಾಗಿದ್ದಾಗಲೂ, 4ರಿಂದ 10 ವರ್ಷದ ಮಕ್ಕಳಲ್ಲಿ ಲಸಿಕೆಯ ಪರಿಣಾಮ ಸುಮಾರು ಶೇಕಡಾ 84 ಇತ್ತು. ಕಾವಲುಗಾರನು ಒಂದು ಗುರುತನ್ನು ಕಳೆದುಕೊಂಡನು, ಕಾವಲು ಮುರಿಯಲಿಲ್ಲ.

ನಮ್ಮಲ್ಲಿ ಸರ್ಕಾರಿ ಕಾರ್ಯಕ್ರಮದಲ್ಲಿ ಶಿಶುವಿಗೆ 6, 10 ಮತ್ತು 14ನೆಯ ವಾರಗಳಲ್ಲಿ ಕೊಡುವ ಪಂಚಸಂಯೋಜಿತ ಲಸಿಕೆಯಲ್ಲಿರುವುದು ಪೂರ್ಣಕೋಶ ಅಂಶ. ಕೋಶರಹಿತ ಲಸಿಕೆಯ ನಾಡುಗಳ ತೀರ್ಮಾನವನ್ನು ಇಲ್ಲಿಗೆ ಹಾಗೆಯೇ ತರುವುದು ಅಸಮರ್ಪಕ. ಪೂರ್ಣಕೋಶವೆಂದು ನಿಶ್ಚಿಂತರಾಗುವುದೂ ತರವಲ್ಲ. ಎಳೆಯ ಶಿಶುವಿಗೆ ನಾಯಿಕೆಮ್ಮು ಪ್ರಾಣಾಂತಿಕವಾಗಬಲ್ಲದು. ಅರೆಬೆಂದ ವಾದವನ್ನು ನಂಬಿ ಲಸಿಕೆ ತಪ್ಪಿಸಿದರೆ ಬೆಲೆ ತೆರುವುದು ಆ ಶಿಶು.

ಡಚ್ ವಿದ್ವಾಂಸರು ಬದಲಾವಣೆಯನ್ನು ಗುರುತಿಸಲು ಸಾಧ್ಯವಾದುದು 1949ರಿಂದ ಕಾಪಿಟ್ಟಿದ್ದ ರೋಗಾಣುಗಳ ಸಂಗ್ರಹದಿಂದ. ಶಾಸನವನ್ನೂ ಕಡತವನ್ನೂ ರಕ್ಷಿಸುವಂತೆ ಇಂಥ ಮಾದರಿಗಳನ್ನೂ ವರ್ಷಕ್ರಮದಲ್ಲಿ ರಕ್ಷಿಸತಕ್ಕದ್ದು. ದಾಖಲೆಯಿಲ್ಲದೆಡೆ ಇತಿಹಾಸವಿಲ್ಲ, ಈ ರೋಗಾಣುವಿಗೂ ಇತಿಹಾಸವುಂಟು.