ಮೇಲಿಂದ ನೋಡುವವರ ಚಿತ್ರ

ಇಟಲಿಯ ಚಿತ್ರಕಾರ ತುಲ್ಲಿಯೋ ಕ್ರಾಲಿ 1939ರಲ್ಲಿ ಬರೆದ ಒಂದು ಚಿತ್ರವಿದೆ. ವಿಮಾನವೊಂದು ಮೂತಿ ಕೆಳಗೆ ಮಾಡಿ ನಗರದ ಮೇಲೆ ಎರಗುತ್ತಿದೆ. ನೋಡುವ ನಮ್ಮನ್ನು ಕಲಾವಿದ ಚಾಲಕನ ಬೆನ್ನ ಹಿಂದೆಯೇ ಕೂರಿಸಿದ್ದಾನೆ. ಚಾಲಕನ ತಲೆಯ ಹಿಂಭಾಗ ಕಾಣುತ್ತದೆ, ಮುಖ ಕಾಣುವುದಿಲ್ಲ. ಎದುರಿಗೆ ಬಹುಮಹಡಿ ಕಟ್ಟಡಗಳು ಈಟಿಗಳ ಹಾಗೆ ನುಗ್ಗಿ ಬರುತ್ತವೆ. ನೋಡಿದರೆ ತಲೆ ಗಿರ್ರನೆ ತಿರುಗುತ್ತದೆ. ಈ ಕಸುಬುಗಾರಿಕೆಯನ್ನು ನಾವು ಅಲ್ಲಗಳೆಯುವುದಿಲ್ಲ. ನಮ್ಮ ಪ್ರಶ್ನೆ ಬೇರೆ: ಈ ಊರಿನ ಜನ ಎಲ್ಲಿ ಹೋದರು?

ಇದು ಫ್ಯೂಚರಿಸ್ಟ್ ಪಂಥದ ಚಿತ್ರ. 1909ರಲ್ಲಿ ಕವಿ ಮರಿನೆಟ್ಟಿ ಪ್ಯಾರಿಸ್ಸಿನ ಪತ್ರಿಕೆಯೊಂದರಲ್ಲಿ ಈ ಪಂಥದ ಪ್ರಣಾಳಿಕೆ ಪ್ರಕಟಿಸಿದ. ಮ್ಯೂಸಿಯಮ್ಮುಗಳನ್ನು ಒಡೆಯಿರಿ, ವೇಗವನ್ನು ಹಾಡಿರಿ ಎಂದ. ಹಳತನ್ನು ಒಡೆಯಿರಿ ಅಂದ ಕೂಡಲೆ ನಮ್ಮಂಥವರ ಕಿವಿ ನೆಟ್ಟಗಾಗುತ್ತದೆ. ಆದರೆ ಅದೇ ಪ್ರಣಾಳಿಕೆ ಯುದ್ಧವನ್ನು ಕೊಂಡಾಡಿತು, ಹೆಣ್ಣನ್ನು ಹೀಗಳೆಯಿತು. ಹಳತನ್ನು ಒಡೆಯುವವರೆಲ್ಲ ಬಂಡಾಯಗಾರರಲ್ಲ, ಇದನ್ನು ನಾವು ಮರೆಯಬಾರದು.

ಹಾಗಂತ ಈ ಪಂಥಕ್ಕೆ ದುಡಿಯುವವರು ಕಂಡೇ ಇರಲಿಲ್ಲ ಅಂತಲ್ಲ. ಬೊಚ್ಚೋನಿ 1910ರಲ್ಲಿ ಶುರುಮಾಡಿದ 'ಮೇಲೇಳುವ ನಗರ' ಚಿತ್ರದಲ್ಲಿ ದೊಡ್ಡ ಕೆಂಪು ಕುದುರೆಯಿದೆ, ಅದರ ಜೊತೆ ಮೈ ಬಗ್ಗಿಸಿ ಜಗ್ಗುವ ಕೂಲಿಗಳಿದ್ದಾರೆ. 1929ರಲ್ಲಿ ಬಂದ ವೈಮಾನಿಕ ಚಿತ್ರಕಲೆಯ ಪ್ರಣಾಳಿಕೆಯ ದಾರಿಯೇ ಬೇರೆ. ಹಾರುವವನ ಕಣ್ಣಿಗೆ ಕಾಣುವ ಹೊಸ ವಾಸ್ತವವನ್ನು ಬರೆಯಬೇಕಾದರೆ ವಿವರಗಳನ್ನು ತಾತ್ಸಾರ ಮಾಡಬೇಕು ಎಂಬುದು ಅದರ ವಾದ. ಆಕಾಶದಿಂದ ನೋಡಿದರೆ ವಿವರ ಅಂದರೆ ಯಾರು? ಹೊಲದಲ್ಲಿ ಬಗ್ಗಿದವಳು, ಬೀದಿಯಲ್ಲಿ ಆಡುವ ಮಗು. ಅವರನ್ನು ಅಳಿಸಿದ ಜಾಗ ಖಾಲಿ ಉಳಿಯಲಿಲ್ಲ. ಅಂಬ್ರೋಸಿ ಎಂಬಾತ 1930ರಲ್ಲಿ ರೋಮ್ ನಗರದ ವೈಮಾನಿಕ ನೋಟದ ಮೇಲೆ ಮುಸೊಲಿನಿಯ ಮುಖವನ್ನೇ ಹರಡಿದ.

ಕಲೆಯನ್ನು ಕಲೆಯಾಗಿ ನೋಡಿ, ರಾಜಕೀಯ ಯಾಕೆ ಅನ್ನುವವರಿದ್ದಾರೆ. ದೊತ್ತೋರಿ ಬರೆದ ಉಂಬ್ರಿಯಾದ ಗುಡ್ಡ ಕೆರೆಗಳನ್ನು ತೋರಿಸುತ್ತಾರೆ. ಒಪ್ಪೋಣ, ಅವು ಚೆಲುವಾಗಿವೆ. ಆದರೆ ಮೇಲಿಂದ ಬರೀ ಕಣ್ಣು ಬೀಳಲಿಲ್ಲವಲ್ಲ! ವಿಮಾನದಿಂದ ಮೊದಲ ಬಾಂಬು ಬಿದ್ದದ್ದು 1911ರಲ್ಲಿ ಲಿಬಿಯಾದ ನೆಲದ ಮೇಲೆ, ಹಾಕಿದವನು ಇಟಲಿಯ ಸೈನಿಕ. 1935ರಲ್ಲಿ ಇಥಿಯೋಪಿಯಾದ ಮೇಲೆ ಇಟಲಿ ಏರಿಹೋದಾಗ ಮರಿನೆಟ್ಟಿ ತಾನಾಗಿಯೇ ಆ ಯುದ್ಧಕ್ಕೆ ಹೊರಟ. ಅಲ್ಲಿ ಇಟಲಿಯ ವಿಮಾನಗಳು ವಿಷಾನಿಲ ಸುರಿದವು. ಮೈ ಸುಟ್ಟುಕೊಂಡವರು ಬರಿಗಾಲಿನ ರೈತರು, ದನಗಾಹಿಗಳು. ಅದನ್ನು ಇಟಲಿ ಸರ್ಕಾರ ಒಪ್ಪಿಕೊಂಡದ್ದು 1996ರಲ್ಲಿ! ಕ್ರಾಲಿ ತನ್ನ ಚಿತ್ರ ಬರೆಯುವ ಹೊತ್ತಿಗೆ ಎರಗುವ ವಿಮಾನ ಅಂದರೇನು ಅಂತ ಲೋಕಕ್ಕೇ ಗೊತ್ತಿತ್ತು.

1937ರ ಏಪ್ರಿಲ್ 26ರಂದು ಸ್ಪೇನಿನ ಗೆರ್ನಿಕಾ ಪಟ್ಟಣವನ್ನು ಜರ್ಮನಿ, ಇಟಲಿಗಳ ವಿಮಾನಗಳು ಸುಟ್ಟವು. ಅದೇ ವರ್ಷ ಪಿಕಾಸೊ ಆ ಹೆಸರಿನ ಚಿತ್ರ ಬರೆದ. ಅದರಲ್ಲಿ ವಿಮಾನವೇ ಇಲ್ಲ! ಸತ್ತ ಕೂಸನ್ನು ಹಿಡಿದ ತಾಯಿ ಬಾಯಿ ತೆರೆದು ಮೇಲೆ ನೋಡುತ್ತಿದ್ದಾಳೆ. ಆತ ನಮ್ಮನ್ನು ನೆಲದ ಮೇಲೆ, ಆ ತಾಯಿಯ ಪಕ್ಕದಲ್ಲಿ ನಿಲ್ಲಿಸಿದ.

ನಮಗೆ ಯಂತ್ರದ ಮೇಲೆ ಹಗೆಯಿಲ್ಲ. ವಿಮಾನದ ಒಂದೊಂದು ಮೊಳೆಯನ್ನೂ ಬಿಗಿದವನು ಕಾರ್ಮಿಕನೇ. ಅವನ ಕೈ ಆ ಆಕಾಶದ ಚಿತ್ರಗಳಲ್ಲಿ ಎಲ್ಲೂ ಇಲ್ಲ. ಆದ್ದರಿಂದ ಗೆಳೆಯರೇ, ಚಿತ್ರದ ಮುಂದೆ ನಿಂತಾಗ ಬಣ್ಣ ರೇಖೆ ನೋಡೋಣ, ಬೇಡ ಅನ್ನುವವರು ಯಾರು? ಜೊತೆಗೆ ಇದನ್ನೂ ಕೇಳೋಣ: ಇವನು ನಮ್ಮನ್ನು ಎಲ್ಲಿ ಕೂರಿಸಿದ್ದಾನೆ, ಬಾಂಬು ಹಾಕುವವನ ಬೆನ್ನಿಗೋ, ಅದು ಬೀಳುವ ಅಂಗಳದಲ್ಲೋ?